ಅಮ್ಮಂಗೆ ಮೆಮೊರಿ ಟೆಸ್ಟ್ ಮಾಡ್ಸಕ್ಕೆ ಹೋದಾಗ ನಮ್ಮನ್ನ ಕೇಳಿದ ಪ್ರಶ್ನೆಗಳು

ನಾನಿರೋದು ಬೆಂಗಳೂರಲ್ಲಿ, ಅಮ್ಮ ಅರಸೀಕೆರೆಲಿ ಅಣ್ಣ ಅತ್ತಿಗೆ ಜೊತೆ. ದಿನಾ ರಾತ್ರಿ ಎಂಟು ಗಂಟೆಗೆ ಫೋನ್ ಮಾಡ್ತಿದ್ದೆ, ಅಮ್ಮ ಚೆನ್ನಾಗೇ ಮಾತಾಡೋರು. ಊಟ ಆಯ್ತಾ, ಮಕ್ಕಳು ಓದ್ತಿದಾರಾ, ಅಲ್ಲಿ ಮಳೆ ಬಂತಾ, ನಿಮ್ಮತ್ತೆ ಮಂಡಿನೋವು ಹೇಗಿದೆ. ಹತ್ತು ನಿಮಿಷ ಮಾತಾಡಿ ಇಟ್ಟಮೇಲೆ ನಂಗೆ ನೆಮ್ಮದಿ. ಹಾಗಾಗಿ ಅತ್ತಿಗೆ ಒಂದಿನ ಮಧ್ಯಾಹ್ನ ಫೋನ್ ಮಾಡಿ, ‘ಅತ್ತೆಗೆ ಏನೋ ಆಗ್ತಿದೆ ಕಣೇ, ತಿಂಡಿ ತಿಂದು ಅರ್ಧ ಗಂಟೆ ಆಗಿಲ್ಲ, ಇವತ್ತು ತಿಂಡಿ ಮಾಡಲ್ವಾ ಅಂತ ಕೇಳ್ತಾರೆ’ ಅಂದಾಗ ನಾನು ‘ವಯಸ್ಸಾಯ್ತಲ್ಲ ಅತ್ತಿಗೆ, ನಂಗೇ ಎಷ್ಟೋ ನೆನಪಿರಲ್ಲ’ ಅಂದ್ಬಿಟ್ಟೆ. ಆ ಮಾತಿಗೆ ಇವತ್ತಿಗೂ ನಂಗೆ ಬೇಜಾರಿದೆ, ಯಾಕಂದ್ರೆ ಅಣ್ಣನೂ ಅದನ್ನೇ ಅಂದಿದ್ದ, ಚಿಕ್ಕಮ್ಮನೂ ಅದನ್ನೇ ಅಂದಿದ್ರು, ಅದರಲ್ಲೂ ಚಿಕ್ಕಮ್ಮ ‘ಸೊಸೆ ಕೈಲಿ ಅತ್ತೆ ಸಿಕ್ಕಿದ್ರೆ ಹಿಂಗೇ’ ಅಂತ ಬೇರೆ ಸೇರಿಸಿದ್ರು. ಮನೇಲಿ ಇಡೀ ದಿನ ಅಮ್ಮನ ಜೊತೆ ಇರೋರು ಒಬ್ರೇ, ಅವರ ಮಾತನ್ನ ಒಬ್ರೂ ನಂಬ್ಲಿಲ್ಲ.

ಗೌರಿ ಹಬ್ಬಕ್ಕೆ ನಾನು ಹೋದಾಗ ಕಣ್ಣಿಗೆ ಬಿತ್ತು. ಒಬ್ಬಟ್ಟು ಅಂದ್ರೆ ನಮ್ಮ ಬೀದಿಲೆಲ್ಲ ಅಮ್ಮಂದೇ ಕೈ. ಅವತ್ತು ಬೇಳೆ ಬೇಯಿಸಿ ರುಬ್ಬಕ್ಕೆ ಕೂತೋರು ಬೆಲ್ಲ ಹಾಕೋದೇ ಮರ್ತಿದ್ರು, ಅತ್ತಿಗೆ ಮೆಲ್ಲಗೆ ಬೆಲ್ಲದ ಡಬ್ಬ ತಂದು ಪಕ್ಕದಲ್ಲಿಟ್ಟು ಏನೂ ಮಾತಾಡ್ದೆ ಹೋದ್ರು, ಅಮ್ಮ ಡಬ್ಬ ನೋಡಿ ‘ಹಾ’ ಅಂತ ಹಾಕಿದ್ರು. ಹೊರಗೆ ಎಲೆ ಮುಂದೆ ಕೂತೋರಿಗೆ ಹೂರಣ ಸರಿಯಾಗೇ ಇತ್ತು. ಇದೇ ತರ ಅತ್ತಿಗೆ ಎಷ್ಟು ತಿಂಗಳಿಂದ ಎಷ್ಟು ಡಬ್ಬ ತಂದಿಟ್ಟಿದ್ರೋ ಅಂತ ಆಗ ನಂಗೆ ಹೊಳೀಲಿಲ್ಲ.

ಮೊದ್ಲು ಊರಲ್ಲೇ ತೋರಿಸಿದ್ವಿ. ಅಲ್ಲಿನ ಡಾಕ್ಟ್ರು ಬಿಪಿ ನೋಡಿ, ವಯಸ್ಸಾದಮೇಲೆ ಇದೆಲ್ಲ ಇದ್ದದ್ದೇ ಅಂತ ಟಾನಿಕ್ ಬರ್ಕೊಟ್ಟು ಕಳಿಸಿದ್ರು. ಅತ್ತಿಗೆ ಬಿಡ್ಲಿಲ್ಲ, ಇನ್ನೊಬ್ರ ಹತ್ರ ಕರ್ಕೊಂಡ್ಹೋದ್ರು, ಅವರು ರಕ್ತ ಪರೀಕ್ಷೆ ಬರೆದ್ರು, ಬಿ12, ಥೈರಾಯ್ಡು, ಶುಗರ್, ಸೋಡಿಯಂ ಎಲ್ಲ. ಇವು ಏರುಪೇರಾದ್ರೂ ಮರೆವು ಬರುತ್ತೆ, ಸರಿ ಮಾಡ್ಬೋದು, ಅದಕ್ಕೆ ಮೊದ್ಲು ಇದನ್ನ ನೋಡ್ಬೇಕು ಅಂದ್ರು. ಅಮ್ಮಂಗೆ ಬಿ12 ಕಮ್ಮಿ ಇತ್ತು. ಮೂರು ತಿಂಗಳು ಇಂಜೆಕ್ಷನ್ ಆಯ್ತು, ಕಾಲು ಜೋಮು ಹಿಡಿಯೋದು ಕಮ್ಮಿ ಆಯ್ತು, ಸುಸ್ತು ಕಮ್ಮಿ ಆಯ್ತು, ಮರೆವು ಮಾತ್ರ ಇದ್ದಂಗೇ ಇತ್ತು. ಆಮೇಲೆ ಬೆಂಗಳೂರಿನ ಒಂದು ಮೆಮೊರಿ ಕ್ಲಿನಿಕ್‌ಗೆ ಕಾಗದ ಕೊಟ್ರು. ಬೆಳಗಿನ ಟ್ರೈನಲ್ಲಿ ಅಣ್ಣ, ಅತ್ತಿಗೆ, ಅಮ್ಮ ಮೂರು ಜನ ಬಂದ್ರು, ನಾನು ಯಶವಂತಪುರಕ್ಕೆ ಹೋಗಿ ಕರ್ಕೊಂಡ್ಬಂದೆ.

ಅಮ್ಮಂಗೆ 73, ಓದಿರೋದು ಏಳನೇ ಕ್ಲಾಸು. ಟೆಸ್ಟು ಅಂದ್ರೆ ಏನೋ ದೊಡ್ಡ ಮಿಷನ್ನು ಅಂದ್ಕೊಂಡಿದ್ವಿ, ನೋಡಿದ್ರೆ ಒಂದು ಸಣ್ಣ ರೂಮು, ಒಂದು ಟೇಬಲ್ಲು, ಸೈಕಾಲಜಿಸ್ಟ್ ಒಬ್ಬ ಹುಡುಗಿ, ಕನ್ನಡದಲ್ಲೇ ಕೇಳ್ತಾ ಹೋದ್ಲು. ಇದು ಯಾವ ತಿಂಗಳು ಅಂದ್ರೆ ಅಮ್ಮ ‘ಕಾರ್ತೀಕ ಕಳೀತು, ಮಾರ್ಗಶಿರ’ ಅಂದ್ರು. ಅದು ಸರಿನೇ, ಆ ಹುಡುಗಿನೂ ಸರಿ ಅಂತಲೇ ಬರ್ಕೊಂಡ್ಲು, ಅಲ್ಲೇ ನಂಗೆ ಅವಳ ಮೇಲೆ ನಂಬಿಕೆ ಬಂತು. ಸಾಮಾನ್ಯವಾಗಿ ಕೇಳೋ ನೂರರಿಂದ ಏಳೇಳು ಕಳೆಯೋ ಲೆಕ್ಕದ ಬದಲು ವಾರದ ದಿನಗಳನ್ನ ಹಿಂದಿನಿಂದ ಹೇಳಿ ಅಂದ್ಲು, ಭಾನುವಾರ ಶನಿವಾರ ಶುಕ್ರವಾರ ಅಂತ ಅಮ್ಮ ಬುಧವಾರದ ತನಕ ಬಂದು ಆಮೇಲೆ ಗುರುವಾರ ಅಂತ ಮತ್ತೆ ಮುಂದಕ್ಕೆ ಹೋಗ್ಬಿಟ್ರು. ಮೂರು ಪದ ಹೇಳಿ ಸ್ವಲ್ಪ ಹೊತ್ತು ಬಿಟ್ಟು ಕೇಳಿದ್ರೆ ಒಂದೂ ಇಲ್ಲ. ಒಟ್ಟು 30ಕ್ಕೆ 22 ಬಂತು.

22 ಅಂದ್ರೆ ಏನು ಅಂತ ಡಾಕ್ಟ್ರನ್ನ ಕೇಳಿದೆ. ಅವರು ಹೇಳಿದ್ದು ಇಷ್ಟು, ಈ ನಂಬರ್ ಓದಿನ ಮೇಲೆ ಹೋಗುತ್ತೆ, ಡಿಗ್ರಿ ಮಾಡಿದ ಮೇಷ್ಟ್ರಿಗೆ 22 ಬಂದ್ರೆ ಬೇರೆ, ಏಳನೇ ಕ್ಲಾಸ್ ಓದಿ ಐವತ್ತು ವರ್ಷ ಪೆನ್ನು ಹಿಡೀದೇ ಇರೋ ಹೆಂಗಸಿಗೆ 22 ಬಂದ್ರೆ ಬೇರೆ. ನೆನಪಿನ ತೊಂದರೆ ಇದ್ದೂ ದಿನದ ಕೆಲಸ ತಾನಾಗೇ ನಿಭಾಯಿಸ್ಕೊಂಡು ಹೋಗ್ತಿದ್ರೆ ಅದನ್ನ ಮೈಲ್ಡ್ ಕಾಗ್ನಿಟಿವ್ ಇಂಪೇರ್ಮೆಂಟ್ ಅಂತಾರೆ, ಎಲ್ರಿಗೂ ಅದು ಮುಂದಕ್ಕೆ ಹೋಗಲ್ಲ. ದಿನದ ಕೆಲಸನೇ ಕೈತಪ್ಪಕ್ಕೆ ಶುರುವಾಗಿದ್ರೆ ಡಿಮೆನ್ಷಿಯಾ. ‘ಇದನ್ನ ನಿಮ್ಮಮ್ಮನ್ನ ಕೇಳಿ ತಿಳ್ಕೊಳಕ್ಕಾಗಲ್ಲ, ಸ್ಕ್ಯಾನ್ ನೋಡಿ ಹೇಳಕ್ಕೂ ಆಗಲ್ಲ, ನೀವು ಹೇಳ್ಬೇಕು’ ಅಂದ್ರು. ಅಮ್ಮನ್ನ ಅಣ್ಣನ ಜೊತೆ ಹೊರಗೆ ಕೂರಿಸಿ ನನ್ನನ್ನೂ ಅತ್ತಿಗೇನೂ ಒಳಗೆ ಕರೆದ್ರು. ಅಮ್ಮನ ಎದುರಿಗೆ ಕೇಳಿದ್ರೆ ಅವರಿಗೂ ಅವಮಾನ, ನಮಗೂ ಬಾಯಿ ಬರಲ್ಲ ಅಂತ ಅವರಿಗೆ ಗೊತ್ತಿತ್ತು. ಇದು ಒಳ್ಳೆ ಪದ್ಧತಿ, ಬೇರೆ ಕಡೆ ಎದುರಿಗೇ ಕೇಳ್ತಾರೆ ಅಂತ ಆಮೇಲೆ ಕೆಲವರು ಹೇಳಿದ್ರು, ಹಾಗಾದ್ರೆ ನೀವೇ ಕೇಳ್ಕೊಂಡು ಬೇರೆ ಕೂರಿ, ಏನೂ ತಪ್ಪಿಲ್ಲ.

ಮಗಳು ಅಂತ ನಾನೇ ಮುಂದೆ ಕೂತೆ, ಅತ್ತಿಗೆ ಪಕ್ಕದ ಕುರ್ಚಿಲಿ ಬ್ಯಾಗ್ ತೊಡೆಮೇಲಿಟ್ಕೊಂಡು ಕೂತಿದ್ರು.

ಮೊದ್ಲನೇ ಪ್ರಶ್ನೆ, ಫೋನ್ ಅವರೇ ಬಳಸ್ತಾರಾ? ನಾನು ತಕ್ಷಣ ‘ಹೂಂ, ದಿನಾ ಮಾತಾಡ್ತಾರೆ’ ಅಂದೆ. ಆ ಹುಡುಗಿ ಬರ್ಕೊಳ್ಳಿಲ್ಲ. ‘ಅವರಾಗೇ ಫೋನ್ ಮಾಡಿದ್ದು ಕೊನೇ ಸಲ ಯಾವಾಗ?’ ಅಂದ್ಲು. ನಾನು ಯೋಚನೆ ಮಾಡ್ದೆ. ನಾನೇ ಮಾಡೋದು, ಅತ್ತಿಗೆ ಎತ್ತಿ ಅವರ ಕೈಗೆ ಕೊಡೋದು. ಅಮ್ಮ ತಾನಾಗೇ ಮಾಡಿದ್ದು ನಂಗೆ ನೆನಪೇ ಇಲ್ಲ. ಅತ್ತಿಗೆ ಮೆಲ್ಲಗೆ ‘ಯುಗಾದಿಗಿಂತ ಮುಂಚೆ’ ಅಂದ್ರು. ಆಮೇಲೆ ಆ ಹುಡುಗಿ ವಿವರಿಸಿದ್ಲು, ತಾನಾಗೇ ನಂಬರ್ ಹುಡುಕಿ ಮಾಡೋದು ಒಂದು ಮಟ್ಟ, ಗೊತ್ತಿರೋ ಒಂದೆರಡು ನಂಬರ್ ಮಾತ್ರ ಮಾಡೋದು ಇನ್ನೊಂದು, ಬಂದಿದ್ದನ್ನ ಎತ್ತಿ ಮಾತಾಡೋದಷ್ಟೇ ಮತ್ತೊಂದು, ಬಳಸೋದೇ ಇಲ್ಲ ಅನ್ನೋದು ಕೊನೇದು. ದಿನಾ ಫೋನಲ್ಲಿ ಮಾತಾಡ್ತಿದ್ದ ಮಗಳಿಗೆ ಅಮ್ಮ ಮೂರನೇ ಮೆಟ್ಟಿಲಿಗೆ ಇಳ್ದಿದ್ದು ಗೊತ್ತಿರ್ಲಿಲ್ಲ. ಊಟ ಆಯ್ತಾ, ಮಳೆ ಬಂತಾ ಅನ್ನೋ ಮಾತು ಬಾಯಿಪಾಠ, ಅದು ತುಂಬ ದಿನ ಉಳ್ಕೊಳ್ಳೋ ಅಂಥದ್ದು, ಅದನ್ನ ನೋಡಿ ಮೋಸ ಹೋಗ್ಬೇಡಿ ಅಂತ ಅವಳು ಹೇಳಿದಾಗ ನಂಗೆ ಕಣ್ಣಲ್ಲಿ ನೀರು ಬಂತು.

ಮಾತ್ರೆ? ನಾನು ‘ತಗೋತಾರೆ’. ಯಾರು ತೆಗೆದು ಕೊಡ್ತಾರೆ? ಅತ್ತಿಗೆ. ಬೇರೆಯವರು ಹೊತ್ತುಹೊತ್ತಿಗೆ ಎತ್ತಿಟ್ಟು ಕೊಟ್ಟಿದ್ದನ್ನ ನುಂಗೋದಕ್ಕೆ ಈ ಪಟ್ಟೀಲಿ ಮಾರ್ಕ್ ಇಲ್ಲ ಅಂದ್ಲು. ಅಡುಗೆ? ‘ಮಾಡ್ತಾರೆ’ ಅಂತ ಬಾಯಿಗೆ ಬಂದಿದ್ದು ನುಂಗ್ಕೊಂಡು ಅತ್ತಿಗೆ ಕಡೆ ತಿರುಗಿದೆ. ಪಕ್ಕದಲ್ಲಿ ಯಾರೂ ಇಲ್ದೆ, ಯಾರೂ ಡಬ್ಬ ತಂದಿಡ್ದೆ, ಶುರುವಿಂದ ಕೊನೇ ತನಕ ಒಂದು ಸಾರು ಮಾಡಿದ್ದು ಯಾವಾಗ? ಅತ್ತಿಗೆ ‘ಐದಾರು ತಿಂಗಳಾಯ್ತು ಮೇಡಂ, ನಾನೇ ಬಿಡ್ತಿಲ್ಲ, ಒಂದ್ಸಲ ಗ್ಯಾಸ್ ಹಾಗೇ ಬಿಟ್ಟಿದ್ರು’ ಅಂದ್ರು. ನನ್ನ ಹತ್ರ ಹೇಳೇ ಇರ್ಲಿಲ್ಲ. ಹೇಳಿದ್ರೆ ನಾನೇನಂತಿದ್ದೆ ಅಂತ ನಂಗೇ ಗೊತ್ತಲ್ಲ.

ಆಮೇಲೆ ಅತ್ತಿಗೆ ಬ್ಯಾಗಿಂದ ಮಡಚಿದ ಕ್ಯಾಲೆಂಡರ್ ಹಾಳೆಗಳನ್ನ ತೆಗೆದ್ರು. ಅಡುಗೆಮನೆ ಗೋಡೇಲಿ ತೂಗಾಕಿರ್ತಾರಲ್ಲ, ತಿಥಿ ನಕ್ಷತ್ರ ರಾಹುಕಾಲ ಎಲ್ಲ ಇರೋ ಕ್ಯಾಲೆಂಡರು, ಅದರದ್ದು. ಅಮ್ಮ ಮದುವೆಯಾಗಿ ಬಂದಾಗಿಂದ ಹಾಲಿನ ಲೆಕ್ಕ ಅದರಲ್ಲೇ ಬರೆಯೋದು, ಅರ್ಧ ಲೀಟರ್‌ಗೆ ಒಂದು ಗೀಟು, ನೆಂಟರು ಬಂದು ಒಂದು ಲೀಟರ್ ತಗೊಂಡ್ರೆ ಎರಡು ಗೀಟು, ಹಾಲು ಬರ್ದಿದ್ರೆ ಸೊನ್ನೆ. ಅತ್ತಿಗೆ ಜನವರಿ ಹಾಳೆ ಟೇಬಲ್ ಮೇಲೆ ಹರಡಿದ್ರು. ಪೆನ್ಸಿಲ್ಲಲ್ಲಿ ಒಂದೊಂದು ಚೌಕದ ಮೂಲೇಲಿ ಒಂದೊಂದು ಗೀಟು, ಕೆಳಗೆ ತಿಂಗಳ ಒಟ್ಟು ಲೆಕ್ಕ, ಗುಂಡಗಿನ ಅಕ್ಷರ. ಏಪ್ರಿಲ್ ಹಾಳೇಲಿ ನಾಲ್ಕು ದಿನ ಖಾಲಿ. ಜೂನಲ್ಲಿ ಒಂದೇ ದಿನಕ್ಕೆ ಮೂರು ಗೀಟು, ಮಾರನೇ ದಿನ ಏನೂ ಇಲ್ಲ, ಒಂದು ಕಡೆ ಗೀಟು ಚೌಕ ದಾಟಿ ಏಕಾದಶಿ ಅಂತ ಅಚ್ಚಾಗಿರೋ ಅಕ್ಷರದ ಮೇಲೆ ಹೋಗಿದೆ. ಜುಲೈ ಕೆಳಗೆ ಒಟ್ಟು ಲೆಕ್ಕ ಬರೆದು ಹೊಡೆದು ಮತ್ತೆ ಬರೆದು ಮತ್ತೆ ಹೊಡೆದಿದ್ರು. ಆಗಸ್ಟ್‌ನಿಂದ ಅತ್ತಿಗೆ ಅಕ್ಷರ. ಸೈಕಾಲಜಿಸ್ಟ್ ಹುಡುಗಿ ಪೆನ್ನು ಕೆಳಗಿಟ್ಟು ಆ ಹಾಳೆಗಳನ್ನ ಒಂದೊಂದಾಗಿ ನೋಡಿದ್ಲು, ಫೋಟೋ ತಗೋಬೋದಾ ಅಂತ ಕೇಳಿ ತಗೊಂಡ್ಲು. ನಮ್ಮ ಮನೇಲಿ ಯಾರೂ ನಂಬದೇ ಇದ್ದ ಮಾತಿಗೆ ಅಮ್ಮನೇ ಕೈಯಾರೆ ಬರೆದ ಸಾಕ್ಷಿ ಇತ್ತು, ಅದನ್ನ ಎತ್ತಿಟ್ಕೊಂಡಿದ್ದು ಅತ್ತಿಗೆ.

ಕೆಲವು ಪ್ರಶ್ನೆಗಳು ನಮ್ಮಮ್ಮಂಗೆ ಹೊಂದೋದೇ ಇಲ್ಲ ಅನ್ನಿಸ್ತು. ಚೆಕ್ ಬರೀತಾರಾ, ಟ್ಯಾಕ್ಸ್ ಕಾಗದ ಜೋಡಿಸ್ತಾರಾ. ಅಮ್ಮ ಜನ್ಮದಲ್ಲಿ ಚೆಕ್ ಬರೆದಿಲ್ಲ, ಅದೆಲ್ಲ ಅಪ್ಪಂದು. ಅದಕ್ಕೂ ದಾರಿ ಇದೆ ಅಂದ್ಲು. ಅಮೆರಿಕದ ಫೆಫರ್ ಅನ್ನೋರು 1982ರಲ್ಲಿ ಮಾಡಿದ ಪಟ್ಟಿಯಂತೆ ಅದು, ಹತ್ತು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ಮೂರು, ಹೆಚ್ಚಾದಷ್ಟೂ ತೊಂದರೆ ಜಾಸ್ತಿ. ಮುಂಚೆ ಮಾಡೇ ಇಲ್ಲ ಆದ್ರೆ ಈಗ ಮಾಡು ಅಂದ್ರೆ ಮಾಡ್ತಾರೆ ಅನ್ನಿಸಿದ್ರೆ ಸೊನ್ನೆ, ಮುಂಚೆನೂ ಮಾಡಿಲ್ಲ, ಈಗ ಕಷ್ಟವೇ ಅನ್ನಿಸಿದ್ರೆ ಒಂದು. ಮೊದ್ಲು ಕೇಳಿದ ಫೋನು, ಮಾತ್ರೆ ಪ್ರಶ್ನೆಗಳಿರೋ ಪಟ್ಟಿ ಇದಕ್ಕಿಂತ ಹಳೇದು, ಫಿಲಡೆಲ್ಫಿಯಾದಲ್ಲಿ ಲಾಟನ್ ಮತ್ತೆ ಬ್ರೋಡಿ 1969ರಲ್ಲಿ ಮಾಡಿದ್ದು, ಫೋನು, ಅಂಗಡಿ, ಅಡುಗೆ, ಮನೆಗೆಲಸ, ಬಟ್ಟೆ, ಓಡಾಟ, ಔಷಧಿ, ದುಡ್ಡು, ಎಂಟು ವಿಷಯ. ಅದರಲ್ಲಿ ಮೊದ್ಲೆಲ್ಲ ಗಂಡಸರಿಗೆ ಅಡುಗೆ, ಮನೆಗೆಲಸ, ಬಟ್ಟೆ ಮೂರನ್ನೂ ಬಿಟ್ಟೇ ಲೆಕ್ಕ ಹಾಕ್ತಿದ್ರಂತೆ. ಹೊರಗೆ ನಮ್ಮ ಪಕ್ಕ ಒಬ್ಬ ರಿಟೈರ್ಡ್ ಮೇಷ್ಟ್ರು ಕೂತಿದ್ರು, ಅವರ ಹೆಂಡತಿ ‘ಇವರು ಒಂದು ಲೋಟ ನೀರೂ ತಗೊಂಡು ಕುಡ್ದೋರಲ್ಲ, ಈಗ ಅಡುಗೆ ಬರುತ್ತಾ ಅಂತ ಕೇಳ್ತಾರೆ’ ಅಂತಿದ್ರು. ಅವರಿಗೆ ಪಿಂಚಣಿ, ಪೇಪರ್ ಓದೋದು, ಬಸ್ಸಲ್ಲಿ ಹೋಗಿ ಬರೋದು ಇಂಥದ್ದನ್ನ ಕೇಳ್ಬೇಕು. ಯಾರು ಜೀವನದಲ್ಲಿ ಏನು ಮಾಡ್ಕೊಂಡು ಬಂದಿದಾರೋ ಅದಕ್ಕೇ ಹೋಲಿಸ್ಬೇಕು, ಪಕ್ಕದ್ಮನೆ ಅಜ್ಜಿಗಲ್ಲ.

ನಂಗೆ ತುಂಬ ಹಿಡಿಸಿದ್ದು ನಮ್ಮ ದೇಶದ್ದೇ ಒಂದು ಪಟ್ಟಿ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಓದು ಬರಹ ಬರ್ದೇ ಇರೋ ಹಿರಿಯರಿಗೆ ಅಂತಲೇ ಮಾಡಿದ್ದು, 1999ರಲ್ಲಿ ಪ್ರಕಟ ಆಯ್ತು, ಎವೆರಿಡೇ ಎಬಿಲಿಟೀಸ್ ಸ್ಕೇಲ್ ಫಾರ್ ಇಂಡಿಯಾ ಅಂತ ಹೆಸರು. ಚೆಕ್ಕಿಲ್ಲ, ಟ್ಯಾಕ್ಸಿಲ್ಲ. ಊಟ ಮಾಡಿದ್ದು ಮರ್ತು ಮತ್ತೆ ಕೇಳ್ತಾರಾ, ಊರೊಳಗೆ ದಾರಿ ತಪ್ಪುತ್ತಾ, ಹಬ್ಬದಲ್ಲಿ ಸೇರ್ಕೋತಾರಾ, ಮದುವೆ ಅಂಥ ಮನೆಯ ದೊಡ್ಡ ವಿಷಯದಲ್ಲಿ ಅಭಿಪ್ರಾಯ ಹೇಳ್ತಾರಾ. ಕೊನೇದನ್ನ ಕೇಳಿದಾಗ ನಾವಿಬ್ರೂ ಮುಖ ಮುಖ ನೋಡ್ಕೊಂಡ್ವಿ. ಅಣ್ಣನ ಮಗಳಿಗೆ ಕಾಲೇಜು ಸೇರಿಸೋ ವಿಷಯ ಒಂದು ತಿಂಗಳು ಮನೇಲಿ ಚರ್ಚೆ ಆಗಿತ್ತು. ಅಮ್ಮ ಒಂದು ಮಾತೂ ಆಡಿರ್ಲಿಲ್ಲ, ನಾವು ಯಾರೂ ಕೇಳಿರ್ಲಿಲ್ಲ. ಮುಂಚೆ ಆಗಿದ್ರೆ ಅಮ್ಮನ ಮಾತಿಲ್ದೆ ಆ ಮನೇಲಿ ಒಂದು ಸೀರೆನೂ ಬರ್ತಿರ್ಲಿಲ್ಲ.

ಇನ್ನೊಂದು, ಅಮ್ಮ ಅಂಗಡಿಗೆ ಹೋಗಲ್ಲ ಅಂದಾಗ ಆ ಹುಡುಗಿ ಯಾಕೆ ಅಂತ ಕೇಳಿದ್ಲು, ಮಂಡಿನೋವಿಗಾ, ಕಣ್ಣು ಕಾಣ್ದೆ ಇರೋದಕ್ಕಾ, ಮನಸ್ಸಿಲ್ದೆ ಇರೋದಕ್ಕಾ, ಮರೆತು ಹೋಗೋದಕ್ಕಾ. ಅಪ್ಪ ತೀರ್ಕೊಂಡು ಮೂರು ವರ್ಷ ಆಗಿತ್ತು, ಖಿನ್ನತೆ ಇದ್ರೂ ಹಿರಿಯರು ಹಿಂಗೇ ಕೆಲಸ ಬಿಟ್ಬಿಡ್ತಾರೆ ಅಂತ ಅದಕ್ಕೂ ಬೇರೆ ಪ್ರಶ್ನೆ ಕೇಳಿದ್ರು, ಕಿವಿ ಕಣ್ಣು ಎರಡೂ ನೋಡ್ಸಿದ್ರು. ಸ್ನಾನ, ಬಟ್ಟೆ ಹಾಕ್ಕೊಳ್ಳೋದು, ಊಟ, ಟಾಯ್ಲೆಟ್ ಇವೆಲ್ಲ ಅಮ್ಮಂದು ಸರಿಯಾಗೇ ಇತ್ತು. ಸಾಮಾನ್ಯವಾಗಿ ದುಡ್ಡು, ಔಷಧಿ, ಅಡುಗೆ ಮೊದ್ಲು ಕೈಬಿಡುತ್ತೆ, ಸ್ನಾನ ಊಟ ಆಮೇಲೆ.

ಎರಡು ವಾರ ಮನೇಲಿ ನೋಡ್ಕೊಂಡು ಬರ್ಕೊಂಡು ಬನ್ನಿ ಅಂದ್ರು. ಒಂದು ಕೆಲಸ ಪೂರ್ತಿ ನೋಡ್ಬೇಕು, ಕಾಫಿ ಸಾಕು, ಸಹಾಯ ಮಾಡ್ಬಾರ್ದು, ಅಪಾಯ ಇದ್ರೆ ಮಾತ್ರ ಕೈ ಹಾಕ್ಬೇಕು, ಎಲ್ಲಿ ನಿಂತ್ರು ಅಂತ ಗುರುತು ಮಾಡ್ಕೋಬೇಕು. ನಮ್ಮನೇಲೇ ಮಾಡ್ಸಣ ಅಂದ್ರೆ ಬೇಡ ಅಂದ್ರು, ಬೇರೆಯವರ ಅಡುಗೆಮನೇಲಿ ಯಾರಿಗಾದ್ರೂ ಡಬ್ಬ ಸಿಗಲ್ಲ, ಅವರ ಅಡುಗೆಮನೇಲೇ ನೋಡಿ. ಜನವರಿಲಿ ನಾನು ರಜ ಹಾಕಿ ಊರಿಗೆ ಹೋದೆ.

‘ಅಮ್ಮ, ಒಂದು ಲೋಟ ಕಾಫಿ ಕೊಡು’ ಅಂದೆ. ಅಮ್ಮಂಗೆ ಖುಷಿ ಆಯ್ತು, ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಎದ್ರು. ಹಿತ್ತಾಳೆ ಫಿಲ್ಟರ್ ತೆಗೆದ್ರು, ಪುಡಿ ಹಾಕಿ ಬೆರಳಲ್ಲಿ ಮಟ್ಟ ಮಾಡಿ ಬಿಲ್ಲೆ ಇಟ್ರು, ಎಲ್ಲ ಮುಂಚಿನ ಹಾಗೇ. ನೀರಿಟ್ಟು ಗ್ಯಾಸ್ ಹಚ್ಚಿದ್ರು. ಫ್ರಿಜ್ ಬಾಗಿಲು ತೆಗೆದು ನಿಂತ್ರು. ನಿಂತೇ ಇದ್ರು. ತಣ್ಣನೆ ಗಾಳಿ ನನ್ನ ಕಾಲಿಗೆ ಬಡೀತಿತ್ತು, ಹಾಲು ಅವರ ಕಣ್ಣೆದುರಿಗೇ ಇತ್ತು, ನಂಗೆ ‘ಹಾಲು ಅಮ್ಮ’ ಅಂತ ಬಾಯಿ ತುದಿಗೆ ಬಂತು, ಸೆರಗು ಬಾಯಿಗಿಟ್ಕೊಂಡು ಕೂತೆ. ಒಂದು ಕೊತ್ತಂಬರಿ ಕಟ್ಟು ತಗೊಂಡು ಬಾಗಿಲು ಹಾಕಿದ್ರು, ಕಟ್ಟೆ ಮೇಲಿಟ್ರು, ಫಿಲ್ಟರ್ ನೋಡಿದ್ರು, ಬಿಲ್ಲೆ ತೆಗೆದು ಇನ್ನೊಂದ್ಸಲ ಪುಡಿ ಹಾಕಿದ್ರು. ನೀರು ಕುದ್ದು ಕುದ್ದು ಅರ್ಧ ಆಯ್ತು. ಆಮೇಲೆ ನನ್ನ ಕಡೆ ತಿರುಗಿ, ಸಂಕೋಚ ಪಡ್ತಾ, ‘ನೀನೇ ಮಾಡ್ಕೊ ಮಗಳೇ, ನಂಗೆ ಯಾಕೋ ಕೈ ಓಡ್ತಿಲ್ಲ’ ಅಂದ್ರು. ಅವರಿಗೆ ಗೊತ್ತಿದೆ. ಎಷ್ಟು ದಿನದಿಂದ ಗೊತ್ತಿತ್ತೋ, ಒಬ್ರೇ ಎಷ್ಟು ಹೆದರಿದ್ರೋ.

ತರಕಾರಿ ಗಾಡಿ ಬಂದಾಗಲೂ ನೋಡ್ದೆ. ಸೊಪ್ಪು ಚೆನ್ನಾಗಿ ಆರಿಸಿದ್ರು, ಬಾಡಿದ್ದನ್ನ ಎತ್ತಿ ಪಕ್ಕಕ್ಕಿಟ್ರು, ಚೌಕಾಸಿ ಮಾಡಿದ್ರು, 35 ರೂಪಾಯಿ ಅಂದಾಗ ಪರ್ಸ್ ಪೂರ್ತಿ ಅವನ ಮುಂದೆ ಹಿಡಿದು ‘ನೀನೇ ತಗೋಪ್ಪ’ ಅಂದ್ರು. ಅವನು ಸರಿಯಾಗೇ ತಗೊಂಡ, ಒಳ್ಳೆ ಮನುಷ್ಯ. ಇದನ್ನೂ ಬರ್ಕೊಂಡೆ, ಆರಿಸೋದು ಇದೆ, ಎಣಿಸೋದು ಹೋಗಿದೆ.

ಅದೇ ವಾರ ಅವರೆಕಾಯಿ ತಂದಿದ್ರು. ಅತ್ತಿಗೆ ನೆನೆಸಿದ ಕಾಳನ್ನ ಅಮ್ಮನ ಮುಂದೆ ಇಟ್ಟು ಹೋದ್ರು. ಅಮ್ಮ ಹಿತುಕಕ್ಕೆ ಕೂತ್ರೆ ಹೆಬ್ಬೆರಳು ತೋರುಬೆರಳ ಮಧ್ಯೆ ಒಂದೊಂದು ಕಾಳು ಟಪ್ ಟಪ್ ಅಂತ ಸಿಪ್ಪೆ ಬಿಟ್ಟು ಪಾತ್ರೆಗೆ ಹಾರ್ತಿತ್ತು, ನಾನು ಒಂದು ಬಟ್ಟಲು ಮಾಡೋ ಹೊತ್ತಿಗೆ ಅವರು ಮೂರು. ಹುಳುಕು ಕಾಳು ನೋಡ್ದೇನೇ ಬೆರಳಿಗೇ ಗೊತ್ತಾಗಿ ಪಕ್ಕಕ್ಕೆ ಹೋಗ್ತಿತ್ತು. ಒಂದೂವರೆ ಗಂಟೆ ಒಂದು ತಪ್ಪಿಲ್ಲ, ಬಾಯಲ್ಲಿ ಸಂಪ್ರದಾಯದ ಹಾಡು ಬೇರೆ.

ಎರಡನೇ ಸಲ ಹೋದಾಗ ಎಂಆರ್‌ಐನೂ ಆಗಿತ್ತು. ಫೆಫರ್ ಪಟ್ಟೀಲಿ ಅಮ್ಮಂಗೆ 30ಕ್ಕೆ 14, ಅಲ್ಲಿ ಒಂಬತ್ತು ದಾಟಿದ್ರೇನೇ ಯೋಚನೆ ಮಾಡೋ ವಿಷಯ. ಬೆಂಗಳೂರಲ್ಲಿ ನಾನು ಮೊದಲ ದಿನ ಬಾಯಿಗೆ ಬಂದಂಗೆ ಹೇಳಿದ್ದನ್ನೇ ಲೆಕ್ಕ ಹಾಕಿದ್ರೆ ನಾಲ್ಕು ಬರ್ತಿತ್ತು. ಆಲ್ಝೈಮರ್ಸ್, ಅಂದ್ರೆ ಡಿಮೆನ್ಷಿಯಾದಲ್ಲೇ ಒಂದು ಬಗೆ, ಶುರುವಿನ ಹಂತ ಅಂದ್ರು. ಮಾತ್ರೆ ಕೊಟ್ರು, ವಾಸಿ ಮಾಡಲ್ಲ, ಕೆಲವರಿಗೆ ಸ್ವಲ್ಪ ದಿನ ಅನುಕೂಲ ಆಗುತ್ತೆ ಅಂತ ಮೊದ್ಲೇ ಹೇಳಿದ್ರು. ಅಣ್ಣ ತುಂಬ ಹೊತ್ತು ಸುಮ್ನೆ ಕೂತಿದ್ದ, ಆಮೇಲೆ ಎಲ್ರ ಎದುರಿಗೆ ಅತ್ತಿಗೆಗೆ ‘ನೀನು ಹೇಳ್ದಾಗ್ಲೇ ಕೇಳ್ಬೇಕಿತ್ತು’ ಅಂದ. ಭಾರತದಲ್ಲಿ 60 ದಾಟಿದೋರಲ್ಲಿ ನೂರಕ್ಕೆ ಏಳು ಜನಕ್ಕಿಂತ ಹೆಚ್ಚು, ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಬಂದ ಲೆಕ್ಕ ಓದಿದೆ. ಆ ಒಂದೊಂದು ಮನೇಲೂ ಅತ್ತಿಗೆ ತರ ಒಬ್ರು ಏನೂ ಮಾತಾಡ್ದೆ ಡಬ್ಬ ತಂದಿಡ್ತಾ ಇರ್ತಾರೆ, ಮೊದ್ಲು ಅವರನ್ನ ಕೇಳಿ, ಬೇರೆ ಕೂರಿಸ್ಕೊಂಡು ಕೇಳಿ.

ನಾವು ಬರ್ಕೊಂಡು ಹೋಗಿದ್ದ ಪುಸ್ತಕ ನೋಡಿಯೇ ಅಲ್ಲಿನ ಆಕ್ಯುಪೇಷನಲ್ ಥೆರಪಿಸ್ಟ್, ಅಂದ್ರೆ ದಿನದ ಕೆಲಸ ನಿಭಾಯಿಸಕ್ಕೆ ದಾರಿ ಹೇಳ್ಕೊಡೋರು, ದಿನಚರಿ ಹಾಕ್ಕೊಟ್ರು. ಗ್ಯಾಸ್ ಕೆಲಸ ಒಬ್ರೇ ಬೇಡ, ಮಾತ್ರೆ ಅತ್ತಿಗೆ ಕೈಲಿ, ಪರ್ಸಲ್ಲಿ ಬರೀ ಹತ್ತು ಇಪ್ಪತ್ತರ ನೋಟು. ಕಾಳು ಬಿಡಿಸೋದು, ಸೊಪ್ಪು ಆರಿಸೋದು, ಹೂ ಕಟ್ಟೋದು ಪೂರ್ತಿ ಅಮ್ಮಂದೇ, ಅದಕ್ಕೆ ಯಾರೂ ಕೈ ಹಾಕ್ಬಾರ್ದು, ಬೇಗ ಆಗ್ಲಿ ಅಂತ ಕಿತ್ಕೋಬಾರ್ದು. ಕಾಫಿಗೆ ಫಿಲ್ಟರ್, ಹಾಲು, ಸಕ್ಕರೆ, ಲೋಟ ಸಾಲಾಗಿ ಜೋಡಿಸಿಟ್ರೆ ಅತ್ತಿಗೆ ಪಕ್ಕದಲ್ಲಿದ್ದಾಗ ವಾರದಲ್ಲಿ ನಾಲ್ಕು ದಿನ ಅಮ್ಮ ಮಾಡ್ತಾರೆ.

ಮೊನ್ನೆ ಆರು ತಿಂಗಳಿಗೆ ಮತ್ತೆ ಕರೆದಿದ್ರು. ಅದೇ ಹುಡುಗಿ, ಅದೇ ಪ್ರಶ್ನೆಗಳು. ಮುಂದಿನ ಕುರ್ಚಿಲಿ ಅತ್ತಿಗೆ ಕೂತ್ರು. ಬ್ಯಾಗಲ್ಲಿ ಈ ವರ್ಷದ ಕ್ಯಾಲೆಂಡರ್ ಹಾಳೆಗಳಿದ್ವು, ಗೀಟುಗಳ ಪಕ್ಕ ಸಣ್ಣಕ್ಷರದಲ್ಲಿ ಅತ್ತಿಗೆ ಬರ್ಕೊಂಡಿದ್ದು ಇತ್ತು. ಜೂನ್ 11ರ ಚೌಕದಲ್ಲಿ, ‘ಇವತ್ತು ಹಾಲಿನ ಗೀಟು ಅವರೇ ಹಾಕಿದ್ರು, ಎರಡು ಹಾಕಿದ್ರು, ಒಂದು ನಾನು ಅಳಿಸಿಲ್ಲ.’